ಮೂರು ಬಾಗಿಲು, ಒಂದು ಅಂಬಾಸಿಡರ್: ಧಾರವಾಡದಲ್ಲಿ ನೋಡಿದ ನಗೆನಾಟಕದ ಬಗ್ಗೆ

ಸಾಧನಕೇರಿ ಸಂಜೆ

ಶನಿವಾರ ಸಂಜೆ ಧಾರವಾಡದಲ್ಲಿ ಒಂದು ನಗೆನಾಟಕ ನೋಡಿ ಬಂದೆವು. ನಾನು, ನಮ್ಮ ಮನೆಯವರು, ಅತ್ತೆ. ಆಡಿದ್ದು ಇಲ್ಲಿನದೇ ಹವ್ಯಾಸಿ ತಂಡ. ಸ್ವಲ್ಪ ಟೀಕೆನೂ ಮಾಡುವವಳಿದ್ದೇನೆ, ಅದಕ್ಕೆ ತಂಡದ ಹೆಸರು, ನಾಟಕದ ಹೆಸರು ಎರಡನ್ನೂ ಬರೆಯುತ್ತಿಲ್ಲ. ನೋಡಿದವರಿಗೆ ಗೊತ್ತಾಗುತ್ತದೆ ಬಿಡಿ.

ಕಥೆ ಸಣ್ಣದು. ಧಾರವಾಡದ ಹಳೇ ಮನೆ. ಅಪ್ಪ ರಿಟೈರ್ಡ್ ಹೆಡ್‌ಮಾಸ್ತರ. ಹಿತ್ತಲಲ್ಲಿ ನಿಂತಿರುವ ಅಂಬಾಸಿಡರ್ ಕಾರನ್ನು ಹೆಂಡತಿಗೆ ಗೊತ್ತಾಗದ ಹಾಗೆ ಮಾರಬೇಕು ಅಂತ ಹೊರಟಿದ್ದಾರೆ, ಯಾಕಂದರೆ ಅದು ಹೆಂಡತಿಯ ತವರಿನಿಂದ ಬಂದ ಕಾರು. ಅದೇ ಸಂಜೆ ಹೆಂಡತಿ ಗಂಡನಿಗೆ ಹೇಳದೆ, ಮಗನನ್ನು ನೋಡಲಿಕ್ಕೆ ಕನ್ಯೆಯ ಕಡೆಯವರನ್ನು ಕರೆದಿದ್ದಾಳೆ. ಮಗನೋ, ಹೋದ ವಾರವೇ ರಿಜಿಸ್ಟರ್ ಮದುವೆ ಮಾಡಿಕೊಂಡು ಹುಡುಗಿಯನ್ನು ತಂದು ದೇವರ ಮನೆಯಲ್ಲಿ ಬಚ್ಚಿಟ್ಟಿದ್ದಾನೆ. ಸ್ಟೇಜಿನ ಮೇಲೆ ಮೂರು ಬಾಗಿಲು: ಬೀದಿ ಬಾಗಿಲು, ಅಡಿಗೆ ಮನೆ, ದೇವರ ಮನೆ. ಕಾರು ನೋಡಲು ಬಂದವನು ಅಮ್ಮನ ಕೈಗೆ ಸಿಗುತ್ತಾನೆ. ಕನ್ಯೆಯ ಅಪ್ಪ ಹೆಡ್‌ಮಾಸ್ತರರ ಕೈಗೆ. ಅವರು ಕೇಳುವುದು ವರನ ಬಗ್ಗೆ, ಇವರು ಹೇಳುವುದು ಕಾರಿನ ಬಗ್ಗೆ. ನೆನಪಿದ್ದಷ್ಟು ಬರೆಯುತ್ತೇನೆ:

"ಎಷ್ಟ ವರ್ಷ ಆತ್ರಿ?"

"ಮೂವತ್ತೆರಡ ತುಂಬಿದ್ವು."

"ಹಂಗ ಕಾಣೂದಿಲ್ಲ ಅಂದ್ರು ಮಂದಿ."

"ಮೊನ್ನೆರ ಬಣ್ಣಾ ಹಚ್ಚಿಸೇನ್ರಿ."

"ಒಳಗಿಂದೊಳಗ ಏನರ ತ್ರಾಸ?"

"ಮುಚ್ಚಿಡೂದ ಯಾಕ್ರಿ, ಎಣ್ಣಿ ಸ್ವಲ್ಪ ಜಾಸ್ತಿ ಬೇಕು."

"ಎಣ್ಣಿ?"

"ಒಮ್ಮೆ ಹಾಕಿದ್ರ ಬೆಳಗಾವಿ ತನಕಾ ಚಿಂತಿ ಇಲ್ಲ."

"ಇದಕ್ಕೂ ಮೊದಲ ಯಾರರ ನೋಡಿ ಹೋಗ್ಯಾರೇನು?"

"ಇಬ್ಬರು ನೋಡ್ಯಾರ. ಒಬ್ಬಾವ ಒಂದ ರೌಂಡ್ ಹೊಡದು ಬಿಟ್ಟ ಹೋದ."

ಅತ್ತೆ ಬಾಯಿಗೆ ಸೆರಗು ಹಿಡಿದುಕೊಂಡು ಬಗ್ಗಿದವರು ಮೇಲೇಳಲೇ ಇಲ್ಲ. ಮನೆಗೆ ಬಂದ ಮೇಲೆ ಈ ಭಾಗವನ್ನು ಮತ್ತೆ ಯೋಚಿಸಿದೆ. ಇದು ಇಂಗ್ಲಿಷಿನಲ್ಲಿ ಬರೆಯೋದು ಸುಲಭ, ಕನ್ನಡದಲ್ಲಿ ಬಲು ಕಷ್ಟ. ನಮ್ಮಲ್ಲಿ ಕ್ರಿಯಾಪದ ಬಂದ ತಕ್ಷಣ ಅವನೋ ಅದೋ ಅಂತ ಬಯಲಾಗುತ್ತದೆ. "ಓಡ್ತಾನ" ಅಂದರೂ ಕೆಟ್ಟಿತು, "ಓಡತೈತಿ" ಅಂದರೂ ಕೆಟ್ಟಿತು. ಇಲ್ಲಿ ಬರೆದವರು ಅದನ್ನೆಲ್ಲ ತಪ್ಪಿಸಿಕೊಂಡು "ಬೇಕು", "ಚಿಂತಿ ಇಲ್ಲ", "ಆತ್ರಿ" ಇಂಥವುಗಳಲ್ಲೇ ದೃಶ್ಯ ಮುಗಿಸಿದ್ದಾರೆ. ಕೂತು ತಿದ್ದಿ ತಿದ್ದಿ ಬರೆದಿರಬೇಕು. ನೋಡುವಾಗ ಮಾತ್ರ ಯಾರಿಗೂ ಗೊತ್ತಾಗೋದಿಲ್ಲ.

ಇನ್ನೊಂದು. ಹೆಡ್‌ಮಾಸ್ತರ ಮಾಡಿದವರು ಒಂದು ಸಲವೂ ನಮ್ಮ ಕಡೆ ನೋಡಲಿಲ್ಲ. ಅವರ ಮುಖದಲ್ಲಿ ಕಾರು ಮಾರುವ ಚಿಂತೆ ಬಿಟ್ಟು ಬೇರೆ ಏನೂ ಇರಲಿಲ್ಲ. ಅದಕ್ಕೇ ಅಷ್ಟು ನಗು ಬಂತು.

ಮಧ್ಯಂತರ ಆದ ಮೇಲೆ ದೇವರ ಮನೆ ಬಾಗಿಲು ನಿಜವಾಗಿಯೂ ಸಿಕ್ಕಿಹಾಕಿಕೊಂಡಿತು. ಒಳಗೆ ಸೊಸೆ, ಹೊರಗೆ ಮಗ, ಎಳೆದರೂ ಬರೋದಿಲ್ಲ. ಇಡೀ ಗೋಡೆ ಅಲುಗಾಡುತ್ತಿದೆ. ಹೆಡ್‌ಮಾಸ್ತರರು ಕುರ್ಚಿಯಿಂದ ಏಳದೆ, ಪೇಪರಿನಿಂದ ತಲೆ ಎತ್ತದೆ, "ಆ ಬಾಗಲಾ ನನ್ನ ಅಳಿಯನ ಹಂಗ. ಕರದ್ರ ಬರೂದಿಲ್ಲ, ಸುಮ್ನ ಬಿಡು, ತಾನ ಬರತೈತಿ" ಅಂದರು. ಅಷ್ಟರಲ್ಲಿ ಯಾರೋ ಹಿಂದಿನಿಂದ ದೂಡಿದರು, ತೆರೆಯಿತು. ಚಪ್ಪಾಳೆಯೋ ಚಪ್ಪಾಳೆ.

ಈಗ ಟೀಕೆ. ಎರಡನೇ ಅರ್ಧದಲ್ಲಿ ಕಥೆ ನಿಲ್ಲಿಸಿ ಟಿವಿ ಕಾಮಿಡಿ ಷೋ ತರಹದ ಮಿಮಿಕ್ರಿ ತುರುಕಿದ್ದಾರೆ. ಕಾರು ಕೊಳ್ಳಲು ಬಂದವನ ಬಾಯಲ್ಲಿ ನಮ್ಮ ಮಾತನ್ನೇ ಬೇಕೆಂದು ಎಳೆದು, ಒರಟು ಮಾಡಿ, ಜೋಕಿನ ಹಾಗೆ ಆಡಿಸಿದ್ದಾರೆ. ಬೆಂಗಳೂರಿನ ಸಿನಿಮಾದವರು ಮಾಡುತ್ತಾರೆ ಅಂತ ನಾವೇ ಬೈಯುತ್ತೇವೆ. ನಮ್ಮೂರಲ್ಲಿ, ನಮ್ಮವರ ಮುಂದೆ, ನಮ್ಮ ಮಾತೇ ಯಾಕೆ ನಗೆಪಾಟಲು ಆಗಬೇಕು? ಹೆಡ್‌ಮಾಸ್ತರರೂ ಅದೇ ಮಾತು ಆಡಿದ್ದು. ಅಲ್ಲಿ ನಾವು ನಕ್ಕಿದ್ದು ಅವರು ಸಿಕ್ಕಿಬಿದ್ದ ಪರಿಸ್ಥಿತಿಗೆ.

ನಿಮಗೆಲ್ಲ ಏನನ್ನಿಸುತ್ತದೆ?

ಖಡಕ್ ರೊಟ್ಟಿ

ಅಕ್ಕಾ, "ಒಂದ ರೌಂಡ್ ಹೊಡದು ಬಿಟ್ಟ ಹೋದ" ಓದಿ ಆಫೀಸಿನಲ್ಲಿ ಜೋರಾಗಿ ನಕ್ಕುಬಿಟ್ಟೆ. ಮ್ಯಾನೇಜರ್ ಎದ್ದು ನೋಡಿದರು. ಮರುಪ್ರದರ್ಶನ ಇದ್ದರೆ ತಿಳಿಸಿ.

ನವನಗರದವ

ನಾನೂ ಅದೇ ನಾಟಕಕ್ಕೆ ಬಂದಿದ್ದೆ. ನಾಟಕದ ಬಗ್ಗೆ ತಕರಾರಿಲ್ಲ. ಅದಕ್ಕೂ ಮುಂಚಿನ ಸಭೆಯ ಬಗ್ಗೆ ಇದೆ. ಪಾಸಿನಲ್ಲಿ ಆರೂವರೆ ಅಂತ ಇತ್ತು. ಸ್ವಾಗತ, ದೀಪ, ಶಾಲು, ಹಾರ, ಮುಖ್ಯ ಅತಿಥಿ, ಅತಿಥಿಗಳ ಬಗ್ಗೆ ಇನ್ನೊಬ್ಬರ ಮಾತು, ಮತ್ತೆ ವಂದನಾರ್ಪಣೆ. ಪರದೆ ಸರಿದಾಗ ಏಳೂಮುಕ್ಕಾಲು. ಅತಿಥಿಗಳಲ್ಲಿ ಒಬ್ಬರು ನಾಟಕದ ಕಥೆಯನ್ನೇ ಹೇಳಿಬಿಟ್ಟರು, ದೇವರ ಮನೆಯಲ್ಲಿ ಹುಡುಗಿ ಇದ್ದಾಳೆ ಅನ್ನೋದನ್ನೂ ಸೇರಿಸಿ!

ಗಂಭೀರ ನಾಟಕಕ್ಕೆ ಇದು ನಡೆದೀತು. ನಗೆನಾಟಕಕ್ಕೆ ಜನ ಹೊಸ ಮನಸ್ಸಿನಿಂದ ಕೂತಿರಬೇಕು. ಒಂದು ತಾಸು ಭಾಷಣ ಕೇಳಿದವರನ್ನು ನಗಿಸೋಕೆ ನಟರು ಮೊದಲ ಹತ್ತು ನಿಮಿಷ ಸುಮ್ನೆ ಒದ್ದಾಡಬೇಕಾಯಿತು. ಕೊನೆಗೆ ಹುಬ್ಬಳ್ಳಿ ಕಡೆಯವರೆಲ್ಲ ಚಿಗರಿ ಬಸ್ಸಿನ ಚಿಂತೆಯಲ್ಲಿ ಗಡಿಯಾರ ನೋಡುತ್ತಿದ್ದೆವು. ಕೊನೇ ದೃಶ್ಯದಲ್ಲಿ ಎಲ್ಲ ಗುಟ್ಟು ಒಂದೇ ಸಲ ರಟ್ಟಾಗುವಾಗ ಹಿಂದಿನ ಎರಡು ಸಾಲು ಖಾಲಿ.

ಗದಗಿನ ಪೇಟಿ

ತಂಗಿ, ನೀವು ಬರೆದದ್ದು ಚೆನ್ನಾಗಿದೆ. ಆದರೆ "ನಮ್ಮ ಕಡೆ ನೋಡಲಿಲ್ಲ, ಅದಕ್ಕೇ ನಗು ಬಂತು" ಅನ್ನೋದನ್ನು ನಾನು ಪೂರ್ತಿ ಒಪ್ಪೋದಿಲ್ಲ. ನಾನು ಕಂಪನಿ ನಾಟಕ ನೋಡುತ್ತ ಬೆಳೆದವನು. ಅಲ್ಲಿ ಹಾಸ್ಯ ಪಾತ್ರದವನು ನಿಮ್ಮ ಕಡೆ ನೋಡಲೇಬೇಕು, ಅದು ಅವನ ಕಸುಬು.

ಯಾಕೆ ಅಂತ ಹೇಳುತ್ತೇನೆ. ಕಂಪನಿ ನಾಟಕದಲ್ಲಿ ದೊಡ್ಡ ದೃಶ್ಯ ಮುಗಿದ ಕೂಡಲೇ ಮುಂದೆ ಬೀದಿಯ ಪರದೆ ಇಳಿಯುತ್ತದೆ. ಹಿಂದೆ ಅರಮನೆ ಹೋಗಿ ಗುಡಿಸಲು ಬರಬೇಕು, ಸಾಮಾನು ಎತ್ತಬೇಕು, ನಾಯಕಿ ಸೀರೆ ಬದಲಿಸಬೇಕು. ಅಷ್ಟು ಹೊತ್ತು ಪರದೆಯ ಮುಂದಿನ ಸಣ್ಣ ಜಾಗದಲ್ಲಿ ಇಬ್ಬರು ಮೂವರು ಹಾಸ್ಯದವರು ಜನರನ್ನು ಹಿಡಿದಿಡಬೇಕು. ಒಳಗಿನಿಂದ "ಆತು" ಅಂತ ಸನ್ನೆ ಬರೋವರೆಗೆ ಎಳೆಯಬೇಕು. ಒಂದು ದಿನ ಐದು ನಿಮಿಷ, ಒಂದು ದಿನ ಹದಿನೈದು. ಬರೆದಿಟ್ಟ ಮಾತು ಸಾಲೋದಿಲ್ಲ. ಮುಂದಿನ ಸಾಲಿನಲ್ಲಿ ಯಾರು ಕೂತಿದ್ದಾರೆ, ಊರಲ್ಲಿ ಏನು ಸುದ್ದಿ, ಯಾವ ಮಾತಿಗೆ ಶೀಟಿ ಬಿತ್ತು ಇವೇ ಅವನ ಬಂಡವಾಳ. ಅವನು ನಿಮ್ಮ ಕಣ್ಣಲ್ಲಿ ಕಣ್ಣಿಟ್ಟು ನೋಡದೆ ಹೇಗೆ ನಡೆಸಬೇಕು?

ನಮ್ಮ ಗದಗ ಇದರಲ್ಲಿ ಸಣ್ಣ ಊರಲ್ಲ. ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು, ಮರಾಠಿ ನಾಟಕಗಳ ಅಬ್ಬರದ ಕಾಲದಲ್ಲಿ ಕನ್ನಡ ನಾಟಕ ಮಂಡಳಿ ಕಟ್ಟಿದ್ದು ಇಲ್ಲೇ. ಗರುಡ ಸದಾಶಿವರಾಯರ ಕಂಪನಿಯೂ ಇಲ್ಲಿಯದೇ. ವೀರೇಶ್ವರ ಪುಣ್ಯಾಶ್ರಮದ ಮಕ್ಕಳ ಊಟ, ಪಾಠಕ್ಕೆ ದುಡ್ಡು ಬೇಕಾದಾಗ ಆಸರೆ ಆಗಿದ್ದೂ ನಾಟಕ ಕಂಪನಿ. ಪುಟ್ಟರಾಜ ಗವಾಯಿಗಳು ಸಂಗೀತದ ಜತೆಗೆ ನಾಟಕಗಳನ್ನೂ ಬರೆದವರು. ಆ ಆಟಗಳಲ್ಲಿ ಭಕ್ತಿಯ ಪಕ್ಕದಲ್ಲೇ ಹಾಸ್ಯ ಕೂತಿರುತ್ತಿತ್ತು. ಜನ ಅಳುತ್ತ ಅಳುತ್ತ ನಗುತ್ತಿದ್ದರು.

ಹಾಗಾಗಿ ನೀವು ಹೇಳಿದ ಮಿಮಿಕ್ರಿ ಇದೆಯಲ್ಲ, ಅದು ಟಿವಿಯಿಂದಷ್ಟೇ ಬಂದದ್ದಲ್ಲ. ಅದರ ಬೇರು ಬೀದಿ ಪರದೆಯಲ್ಲಿದೆ.

ಸಾಧನಕೇರಿ ಸಂಜೆ

ಕಾಕಾ, ಬೀದಿ ಪರದೆಯ ಸಂಗತಿ ಗೊತ್ತಿರಲಿಲ್ಲ. ಆದರೂ ಒಂದು ಪ್ರಶ್ನೆ. ಅಲ್ಲಿ ಹಾಸ್ಯದವರು ಕಥೆಯ ಹೊರಗೆ ನಿಂತು ಆಡುತ್ತಾರೆ, ಎಳೆದರೆ ನಷ್ಟವಿಲ್ಲ. ಈ ನಾಟಕದಲ್ಲಿ ಸೆಟ್ಟು ಒಂದೇ, ಬದಲಾಯಿಸೋಕೆ ಏನೂ ಇಲ್ಲ. ಮತ್ತೆ ಯಾಕೆ ನಿಲ್ಲಬೇಕು? ಕನ್ಯೆಯ ಅಪ್ಪ ಅಡಿಗೆ ಮನೆಯಲ್ಲಿ ಕಾಯುತ್ತಿದ್ದಾರೆ ಅಂತ ನಮಗೆ ಗೊತ್ತು. ಯಾವ ಕ್ಷಣದಲ್ಲಾದರೂ ಹೊರಗೆ ಬರಬಹುದು ಅನ್ನೋ ಭಯದಲ್ಲೇ ನಾವು ನಗುತ್ತಿದ್ದೆವು. ಮಿಮಿಕ್ರಿ ಶುರುವಾದ ಮೇಲೆ ಅವರೊಬ್ಬರು ಒಳಗಿದ್ದಾರೆ ಅನ್ನೋದೇ ಮರೆತುಹೋಯಿತು. ಮತ್ತೆ ಅವರು ಬಂದಾಗ ಏನೂ ಆಗಲಿಲ್ಲ.

ಗದಗಿನ ಪೇಟಿ

ಅದು ಹೌದು. ಒಪ್ಪಿದೆ. ಒಳಗಿದ್ದವನನ್ನು ಮರೆಸಬಾರದು.

ಸೈಡ್ ವಿಂಗ್

ನಾನು ತಂಡಗಳಿಗೆ ಸೆಟ್ ಮಾಡಿಕೊಡುವವನು. ಈ ನಾಟಕದ ಸೆಟ್ ನನ್ನದಲ್ಲ, ಆದ್ದರಿಂದ ಧೈರ್ಯವಾಗಿ ಮಾತಾಡಬಹುದು.

ಬಾಗಿಲು ಸಿಕ್ಕಿಹಾಕಿಕೊಂಡಿದ್ದು ಯಾಕೆ ಅಂತ ನನಗೆ ಇಲ್ಲಿಂದಲೇ ಗೊತ್ತಾಗುತ್ತದೆ. ಸ್ಟೇಜಿನ ಗೋಡೆ ಅಂದರೆ ಮರದ ಚೌಕಟ್ಟಿಗೆ ಬಟ್ಟೆಯೋ ಪ್ಲೈವುಡ್ಡೋ ಬಡಿದದ್ದು. ಹಿಂದೆ ಒಂದು ಓರೆ ಕಟ್ಟಿಗೆ ಆಸರೆ, ಅದರ ಬುಡಕ್ಕೆ ಮರಳು ಚೀಲ ಅಥವಾ ಕಬ್ಬಿಣದ ತೂಕ. ಸಾಮಾನ್ಯ ನಾಟಕದಲ್ಲಿ ಬಾಗಿಲು ಎರಡೋ ಮೂರೋ ಸಲ ತೆರೆಯುತ್ತದೆ, ಇಷ್ಟು ಸಾಕು. ನಗೆನಾಟಕದಲ್ಲಿ ಲೆಕ್ಕವಿಲ್ಲದಷ್ಟು ಸಲ ತೆರೆದು, ಧಡಾರ್ ಅಂತ ಹಾಕುತ್ತಾರೆ. ಒಂದೊಂದು ಹೊಡೆತಕ್ಕೂ ಚೌಕಟ್ಟು ಕೂದಲೆಳೆಯಷ್ಟು ಓರೆಯಾಗುತ್ತ ಹೋಗುತ್ತದೆ. ಮಧ್ಯಂತರದ ಹೊತ್ತಿಗೆ ಬಾಗಿಲಿನ ಮೇಲಿನ ಮೂಲೆ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ.

ಅದಕ್ಕೆ ಮಾಡಬೇಕಾದ್ದು ಏನು? ಬಾಗಿಲಿನ ಚೌಕಟ್ಟನ್ನು ಗೋಡೆಗೆ ನಂಬಿ ಬಿಡಬಾರದು. ಅದು ಬೇರೆಯಾಗಿ, ತನ್ನ ಕಾಲ ಮೇಲೆ ತಾನೇ ನಿಲ್ಲಬೇಕು, ಎರಡೂ ಬದಿಗೆ ಆಸರೆ ಬೇಕು. ಬಾಗಿಲು ಹೊರಕ್ಕೆ, ಅಂದರೆ ನೇಪಥ್ಯದ ಕಡೆಗೆ ತೆರೆಯಬೇಕು. ಒಳಕ್ಕೆ ತೆರೆದರೆ ಬರುವ ನಟನ ಮುಖ ಬಾಗಿಲ ಹಿಂದೆ ಮರೆಯಾಗುತ್ತದೆ, ಬಂದ ಕ್ಷಣದ ನಗು ಹೋಯಿತು. ಚಿಲಕ ಬೇಡ, ಅಯಸ್ಕಾಂತದ ಕ್ಯಾಚು ಸಾಕು. ಪ್ರತಿ ಆಟಕ್ಕೂ ಮುಂಚೆ ಒಬ್ಬ ಹುಡುಗ ಮೂರೂ ಬಾಗಿಲನ್ನು ಇಪ್ಪತ್ತಿಪ್ಪತ್ತು ಸಲ ಹಾಕಿ ತೆಗೆದು ನೋಡಬೇಕು.

ಆದರೆ ಹವ್ಯಾಸಿ ತಂಡಕ್ಕೆ ಹಾಲ್ ಸಿಗೋದೇ ಆಟದ ದಿನ ಬೆಳಿಗ್ಗೆ. ಲೈಟಿನವರು, ಮೈಕಿನವರು, ನಾವು ಎಲ್ಲ ಒಟ್ಟಿಗೆ ಒಳಗೆ ನುಗ್ಗುತ್ತೇವೆ. ನಟರು ತಿಂಗಳುಗಟ್ಟಲೆ ತಾಲೀಮು ಮಾಡಿರುತ್ತಾರೆ, ಯಾರದೋ ಮನೆ ಹಾಲಿನಲ್ಲಿ ಎರಡು ಕುರ್ಚಿ ಇಟ್ಟು ಇದೇ ಬಾಗಿಲು ಅಂತ ತಿಳಿದುಕೊಂಡು. ನಿಜವಾದ ಬಾಗಿಲನ್ನು ಮುಟ್ಟೋದು ಆವತ್ತೇ. ಬಾಗಿಲು ತೆರೆಯೋಕೆ ಅರ್ಧ ಸೆಕೆಂಡು ಹೆಚ್ಚಾದರೆ ಇಡೀ ದೃಶ್ಯದ ಲಯ ಹೋಗುತ್ತದೆ.

ಕಾಲೇಜ್ ರೋಡ್

ಸೈಡ್ ವಿಂಗ್ ಅವರು ಹೇಳಿದ ಬಾಗಿಲ ವಿದ್ಯೆ ಫ್ರೆಂಚರಿಂದ ಬಂದದ್ದು. ಜಾರ್ಜ್ ಫೇದೋ (1862–1921) ಅನ್ನೋ ನಾಟಕಕಾರ ಯಾರು ಯಾವ ಬಾಗಿಲಿನಿಂದ ಯಾವಾಗ ಬರಬೇಕು ಅನ್ನೋದನ್ನೆಲ್ಲ ಬಿಗಿಯಾಗಿ ಕೂಡಿಸಿ ಬರೆಯುತ್ತಿದ್ದ. ನಮ್ಮ ಕಡೆ ಈ ತರಹದ ನಾಟಕ ಮೊದಲು ನೋಡಿದ್ದು ಮರಾಠಿಯಲ್ಲಿ ಅನ್ನಬಹುದು. 1892ರ ಇಂಗ್ಲಿಷ್ ನಾಟಕ 'ಚಾರ್ಲೀಸ್ ಆಂಟ್' ಅನ್ನು ಆಚಾರ್ಯ ಅತ್ರೆ 'ಮೋರೂಚಿ ಮಾವಶಿ' ಮಾಡಿದರು. ಗಂಡಸು ಹೆಣ್ಣಿನ ವೇಷ ಹಾಕಿ ಸಿಕ್ಕಿಬೀಳುವ ಆಟ. ಧಾರವಾಡದ ಹಳಬರಿಗೆ ಗೊತ್ತಿರುತ್ತದೆ.

ಹಾಗಂತ ನಗೆನಾಟಕವೇ ಹೊರಗಿನದು ಅಂತಲ್ಲ. ಪ್ರಹಸನ ಸಂಸ್ಕೃತದಲ್ಲಿ ಹಳೆಯದು, ಪಲ್ಲವ ರಾಜ ಮಹೇಂದ್ರವರ್ಮನ 'ಮತ್ತವಿಲಾಸ' ಏಳನೇ ಶತಮಾನದ್ದು. ಕನ್ನಡದಲ್ಲಿ 1887ರಲ್ಲೇ ಸೂರಿ ವೆಂಕಟರಮಣ ಶಾಸ್ತ್ರಿಗಳ 'ಇಗ್ಗಪ್ಪ ಹೆಗ್ಗಡೆಯ ವಿವಾಹ ಪ್ರಹಸನ' ಬಂತು. ನಮ್ಮ ಮಾತೇ ಯಾಕೆ ನಗೆಪಾಟಲು ಆಗಬೇಕು ಅನ್ನೋ ಸಾಧನಕೇರಿ ಅಕ್ಕನ ಪ್ರಶ್ನೆಗೆ ಅದರಲ್ಲಿ ಅರ್ಧ ಉತ್ತರ ಇದೆ. ಅದು ಹವ್ಯಕರ ಆಡುಮಾತಿನ ನಾಟಕ. ಅಲ್ಲಿ ನಗೆಗೀಡಾಗುವುದು ಹೆಣ್ಣನ್ನು ದುಡ್ಡಿಗೆ ಮಾರುವ ದುರಾಸೆ, ಮಾತಲ್ಲ. ಎಲ್ಲರೂ ಅದೇ ಮಾತು ಆಡುವಾಗ ಮಾತಿಗೆ ನಗೋದು ಯಾರು? ನಿಮ್ಮ ಸಾಧನಕೇರಿಯ ಬೇಂದ್ರೆಯವರೇ 'ಸಾಯೋ ಆಟ' ಬರೆದರು. ಅವರ ಜನರ ಬಾಯಲ್ಲಿ ಧಾರವಾಡದ ಮಾತು ಎಷ್ಟು ಸಲೀಸು ನೋಡಿ. ಯಾರನ್ನೋ ನಗಿಸೋಕೆ ಅಂತ ಎಳೆದದ್ದಲ್ಲ ಅದು.

ರಾಣೆಬೆನ್ನೂರಿನ ಅಕ್ಕ

ಎಲ್ಲರೂ ಬಾಗಿಲಿನ ಬಗ್ಗೆನೇ ಬರೆಯುತ್ತಿದ್ದೀರಿ. ಬಾಗಿಲ ಹಿಂದೆ ಇದ್ದ ಹುಡುಗಿಯ ಬಗ್ಗೆ ಯಾರೂ ಕೇಳಲಿಲ್ಲ.

ನಾನು ಈ ನಾಟಕ ನೋಡಿಲ್ಲ, ಕಥೆ ಓದಿ ಹೇಳುತ್ತಿದ್ದೇನೆ. ಇಂಥ ನಾಟಕಗಳಲ್ಲಿ ಹೆಂಗಸರಿಗೆ ಎರಡೇ ಕೆಲಸ. ಒಂದು, ಬೈಯುವ ಹೆಂಡತಿ. ಇನ್ನೊಂದು, ಬಚ್ಚಿಟ್ಟುಕೊಂಡ ಹುಡುಗಿ. ಅವಳು ಒಳಗಿನಿಂದ ಕೆಮ್ಮಬೇಕು, ಪಾತ್ರೆ ಬೀಳಿಸಬೇಕು, ಅಷ್ಟೇ. ಆಮೇಲೆ ಡಬಲ್ ಮೀನಿಂಗ್. ನಮ್ಮೂರ ಜಾತ್ರೆಗೆ ಬಂದ ಒಂದು ಕಂಪನಿಯ ಆಟಕ್ಕೆ ಹೋಗಿ ಮಗಳನ್ನು ಕರೆದುಕೊಂಡು ಅರ್ಧಕ್ಕೇ ಎದ್ದು ಬಂದಿದ್ದೇನೆ. ನಟಿ ನಿಂತಿದ್ದಾಳೆ, ಹಾಸ್ಯದವನು ಅವಳ ಬಗ್ಗೆ ಮಾತಾಡುತ್ತಿರುವುದು ಜನರ ಜತೆ! ಪೇಟಿ ಕಾಕಾ ಹೇಳಿದ "ಕಣ್ಣಲ್ಲಿ ಕಣ್ಣಿಟ್ಟು" ಅಂದರೆ ಇದೇ ಆಗಿಬಿಟ್ಟಿದೆ.

ಗದಗಿನ ಪೇಟಿ

ತಂಗಿ, ಇದಕ್ಕೆ ವಾದ ಮಾಡೋದಿಲ್ಲ. ಟಿವಿ ಬಂದ ಮೇಲೆ ಗಲ್ಲಾ ಬಿತ್ತು, ಗಲ್ಲಾ ಎಬ್ಬಿಸೋಕೆ ಕೆಲವರು ಈ ದಾರಿ ಹಿಡಿದರು. ಜನ ಶೀಟಿ ಹೊಡೆದರು, ಅವರು ಇನ್ನಷ್ಟು ಮಾಡಿದರು. ಹೆಂಗಸರು ಬರೋದು ಬಿಟ್ಟರು. ಹೆಂಗಸರು ಬಿಟ್ಟರೆ ಮನೆಮಂದಿ ಪೂರ್ತಿ ಬಿಟ್ಟ ಹಾಗೆ. ಈಗ ಅದೇ ಕಂಪನಿಯವರು ಬೋರ್ಡಿನ ಮೇಲೆ "ಕುಟುಂಬ ಸಮೇತ ನೋಡಬಹುದಾದ" ಅಂತ ಬರೆಸಬೇಕಾಗಿದೆ.

ಏಣಗಿ ಬಾಳಪ್ಪನವರು (1914–2017) ಹುಡುಗರಾಗಿದ್ದಾಗ ಸ್ತ್ರೀ ಪಾತ್ರ ಮಾಡುತ್ತಲೇ ಬೆಳೆದವರು. ಅಂಥವರ ಕಂಪನಿಯ ಆಟಕ್ಕೆ ಊರ ಹೆಂಗಸರು ಬುತ್ತಿ ಕಟ್ಟಿಕೊಂಡು ಚಕ್ಕಡಿಯಲ್ಲಿ ಬರುತ್ತಿದ್ದರು ಅಂತ ನಮ್ಮವ್ವ ಹೇಳುತ್ತಿದ್ದಳು.

ಸಾಧನಕೇರಿ ಸಂಜೆ

ಅಕ್ಕಾ, ನೀವು ಹೇಳಿದ್ದು ಬಹಳ ನಾಟಕಗಳಿಗೆ ಸರಿ. ಈ ನಾಟಕದಲ್ಲಿ ಸ್ವಲ್ಪ ಬೇರೆ ಇದೆ. ದೇವರ ಮನೆಯ ಹುಡುಗಿ ಸುಮ್ನೆ ಕೂರೋದಿಲ್ಲ. ಅಲ್ಲಿಂದಲೇ ಎಲ್ಲರ ಮಾತು ಕೇಳಿಸಿಕೊಂಡಿರುತ್ತಾಳೆ. ಯಾರ ಗುಟ್ಟು ಏನು ಅಂತ ಪೂರ್ತಿ ಗೊತ್ತಿರೋದು ಅವಳೊಬ್ಬಳಿಗೇ. ಕೊನೆಗೆ ಹೊರಗೆ ಬಂದು ಕಾರಿನ ವ್ಯವಹಾರ ಕುದುರಿಸುವವಳು ಅವಳೇ. ಕೊಳ್ಳುವವನ ಹತ್ತಿರ ಐದು ಸಾವಿರ ಜಾಸ್ತಿನೇ ಕೀಳುತ್ತಾಳೆ. ಆ ದುಡ್ಡನ್ನು ಅತ್ತೆಯ ಕೈಗೆ ಕೊಡುತ್ತಾಳೆ, ತವರಿನ ಕಾರಲ್ವಾ! ನಮ್ಮ ಅತ್ತೆ ಮನೆಗೆ ಬರೋ ದಾರಿಯುದ್ದಕ್ಕೂ "ಅಕೀ ಶಾಣ್ಯಾ" ಅಂತ ಅವಳದೇ ಮಾತು.

ಆದರೆ ಬೈಯುವ ಹೆಂಡತಿ ವಿಷಯದಲ್ಲಿ ನಿಮ್ಮ ಮಾತು ನೂರಕ್ಕೆ ನೂರು. ಆ ಪಾತ್ರಕ್ಕೆ ಬರೀ ಕಿರುಚಾಟ ಬರೆದಿದ್ದಾರೆ.

ಹಾನಗಲ್ಲ ಹುಡುಗ

ನಾನು ನಮ್ಮೂರಲ್ಲಿ ಪ್ರತಿ ವರ್ಷ ನಾಟಕ ಆಡುವವನು. ಹಾನಗಲ್ ತಾಲ್ಲೂಕು. ಪಕ್ಕದ ಶೇಷಗಿರಿ ಹಳ್ಳಿಯವರ ಹಾಗೆ ಊರಿಗೊಂದು ರಂಗಮಂದಿರ, ವರ್ಷವಿಡೀ ತಾಲೀಮು ಇದ್ದರೆ ಮಾತೇ ಬೇರೆ. ಉಳಿದ ಹಳ್ಳಿಗಳ ಕತೆ ಕೇಳಿ.

ಸುಗ್ಗಿ ಮುಗಿದ ಮೇಲೆ, ಜಾತ್ರೆಗೋ ಹಬ್ಬಕ್ಕೋ ಒಂದು ಸಾಮಾಜಿಕ ನಾಟಕ. ಮಾಸ್ತರು ಎರಡು ತಿಂಗಳು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ಸೀನರಿಯಲ್ಲಿ ಬಾಗಿಲು ಇರುತ್ತದೆ, ಆದರೆ ಬಣ್ಣದ್ದು! ತೆರೆಯೋದಿಲ್ಲ. ಎಲ್ಲರೂ ಬದಿಯಿಂದಲೇ ಬರಬೇಕು, ಬದಿಯಿಂದಲೇ ಹೋಗಬೇಕು. ನಟಿಯರನ್ನು ಹೊರಗಿನಿಂದ ಕರೆಸುತ್ತೇವೆ. ಅವರು ಬರೋದು ಆಟದ ದಿನ ಮಧ್ಯಾಹ್ನ. ಪಾಪ, ಹಿಂದಿನ ರಾತ್ರಿ ಇನ್ನೊಂದು ಊರಲ್ಲಿ ಬೆಳಗಿನವರೆಗೆ ಆಡಿ, ಬಸ್ಸಿನಲ್ಲೇ ನಿದ್ದೆ ಮಾಡಿ ಬಂದಿರುತ್ತಾರೆ. ನಾಟಕದ ಪುಸ್ತಕ ಕೈಗೆ ಕೊಟ್ಟು ಒಂದು ಸಲ ಓದಿಸುತ್ತೇವೆ. ರಾತ್ರಿ ಪ್ರಾಂಪ್ಟರ್ ನಂಬಿಕೊಂಡು ಆಡಿಸಿಬಿಡುತ್ತಾರೆ. ಅವರ ಧೈರ್ಯ ಮೆಚ್ಚಬೇಕು.

ಈಗ ನೀವು ಬರೆದ "ಎಣ್ಣಿ?" ದೃಶ್ಯ ಇಲ್ಲಿ ಹೇಗೆ ಆಡೋದು? ಒಂದು ಮಾತಿನ ಮೇಲೆ ಇನ್ನೊಂದು ಮಾತು ಟಕ್ಕಂತ ಬೀಳಬೇಕು. ನಮ್ಮಲ್ಲಿ ನಡುವೆ ಪ್ರಾಂಪ್ಟರ್ ದನಿ ಬರುತ್ತದೆ. ಜನ ಮೊದಲು ಅವನ ಬಾಯಿಂದ ಜೋಕು ಕೇಳಿ ನಗುತ್ತಾರೆ, ಆಮೇಲೆ ನಟ ಹೇಳುತ್ತಾನೆ. ಅದಕ್ಕೇ ಹಳ್ಳಿಯಲ್ಲಿ ಅಳಿಸುವ ನಾಟಕ ಜಾಸ್ತಿ. ಅಣ್ಣ ತಮ್ಮ, ಅತ್ತಿಗೆ, ಸಾಹುಕಾರ, ಒಂದು ಹಾಡು. ಅಳು ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ.

ಸೈಡ್ ವಿಂಗ್

ಹಾನಗಲ್ಲ ತಮ್ಮಾ, ಬಣ್ಣದ ಬಾಗಿಲಿನ ಮಧ್ಯೆ ಸೀಳಿ ಎರಡು ಪರದೆ ಬಿಡಿ. ಬಾಗಿಲ ಬದಲು ಪರದೆ ಸರಿಸಿ ಇಣುಕಿದರೂ ಕೆಲಸ ಆಗುತ್ತದೆ. ಧಡಾರ್ ಸದ್ದು ಬೇಕಾದರೆ ಒಳಗೆ ಒಬ್ಬ ಹಲಗೆ ಹಿಡಿದು ನಿಂತಿರಲಿ. ಬಾಡಿಗೆ ಸೀನರಿಗೆ ಮಾತ್ರ ಕತ್ತರಿ ಹಾಕಬೇಡಿ, ನಿಮ್ಮದೇ ಒಂದು ಬಟ್ಟೆ ತನ್ನಿ.

ಹಾನಗಲ್ಲ ಹುಡುಗ

ಹಲಗೆ ಐಡಿಯಾ ಚೆನ್ನಾಗಿದೆ ಅಣ್ಣಾ. ಈ ಸಲ ಮಾಸ್ತರಿಗೆ ಹೇಳುತ್ತೇನೆ.

ನವನಗರದವ

ಮಾತಿನ ವಿಷಯಕ್ಕೆ ಬರುತ್ತೇನೆ. ಕಾರು ಕೊಳ್ಳುವವನ ಪಾತ್ರ ನನಗೆ ಅಷ್ಟು ಕೆಟ್ಟದ್ದು ಅನ್ನಿಸಲಿಲ್ಲ ಅಕ್ಕಾ. ಹಳೇ ಹುಬ್ಬಳ್ಳಿಯಲ್ಲಿ ಹಾಗೆ ಮಾತಾಡುವವರು ಇದ್ದಾರೆ.

ಸಾಧನಕೇರಿ ಸಂಜೆ

ಇದ್ದಾರೆ, ಇಲ್ಲ ಅನ್ನೋದಿಲ್ಲ. ಆದರೆ ಅವನು "ಏನ್ಲೇ ಮಗನ" ಅಂದ ಪ್ರತಿ ಸಲವೂ ನಿಂತು, ನಗೋಕೆ ಜಾಗ ಬಿಡುತ್ತಿದ್ದ. ಹಳೇ ಹುಬ್ಬಳ್ಳಿಯವರು ಮಾತಾಡುವಾಗ ಹೀಗೆ ನಿಲ್ಲುತ್ತಾರಾ? ಅವರು ವ್ಯಾಪಾರದ ತಲೆಬಿಸಿಯಲ್ಲಿ ಆಡುವ ಮಾತದು. ಹೊಸದಾಗಿ ಒಂದು ಗಾಡಿ ನೋಡೋಕೆ ಬಂದವನು ಮೊದಲು ಟೈರು ಒದೆಯುತ್ತಾನೆ, ಬಾನೆಟ್ ತಟ್ಟುತ್ತಾನೆ, ಮುಖ ಗಂಟು ಹಾಕಿ "ಇಷ್ಟಕ್ಕ?" ಅನ್ನುತ್ತಾನೆ. ಅದನ್ನು ಮಾಡಿಸಿದ್ದರೆ ಸಾಕಿತ್ತು. ಅಮ್ಮನ ಎದುರು ಕೂತು ಹುಡುಗಿಯ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಗೊತ್ತಿಲ್ಲದೆ ಅವನು ಅಷ್ಟೇ ಬಿಗಿಯಾಗಿ ಚೌಕಾಸಿ ಮಾಡಿದ್ದರೆ, ಹೆಡ್‌ಮಾಸ್ತರರ ದೃಶ್ಯಕ್ಕೆ ಸರಿಸಮ ಆಗುತ್ತಿತ್ತು.

ಖಡಕ್ ರೊಟ್ಟಿ

ಹುಡುಗರನ್ನು ಕರೆದುಕೊಂಡು ಹೋಗಬಹುದಾ? ಏಳು ವರ್ಷದವ, ಹತ್ತು ವರ್ಷದವಳು.

ಸಾಧನಕೇರಿ ಸಂಜೆ

ಧಾರಾಳವಾಗಿ. ಎಣ್ಣಿ ಜೋಕು ಚಿಕ್ಕವನಿಗೆ ತಿಳಿಯೋದಿಲ್ಲ, ಬಾಗಿಲಿಗೆ ಅವನೇ ಎಲ್ಲರಿಗಿಂತ ಜಾಸ್ತಿ ನಗುತ್ತಾನೆ. ಮುಂದಿನ ಆಟ ಹುಬ್ಬಳ್ಳಿಯಲ್ಲಂತೆ, ದಿನ ಗೊತ್ತಾದರೆ ಇಲ್ಲೇ ಹಾಕುತ್ತೇನೆ.

ಗದಗಿನ ಪೇಟಿ

ಒಂದು ಕರೆ ನನ್ನದೂ ಇರಲಿ. ಬನದ ಹುಣ್ಣಿಮೆಗೆ ಬಾದಾಮಿ ಬನಶಂಕರಿ ಜಾತ್ರೆಗೆ ಬನ್ನಿ. ಸಾಲು ಸಾಲು ತಗಡಿನ ಥಿಯೇಟರ್, ಒಂದರ ಮೈಕು ಇನ್ನೊಂದಕ್ಕೆ ಕೇಳುತ್ತದೆ. ರಾತ್ರಿಯಿಡೀ ಆಟ. ಸಾಧನಕೇರಿ ತಂಗಿ, ನೀವು ಹಿಂದಿನ ಸಾಲಿನಲ್ಲಿ ಕೂತು ಹಾಸ್ಯದವನು ಜನರನ್ನು ಹೇಗೆ ಓದುತ್ತಾನೆ ನೋಡಿ. ಆಮೇಲೆ ಮತ್ತೆ ಜಗಳ ಮಾಡೋಣ. ರಾಣೆಬೆನ್ನೂರಿನ ತಂಗಿಗೆ ಮನೆಮಂದಿ ಕೂತು ನೋಡುವಂಥ ಕಂಪನಿ ಯಾವುದು ಅಂತ ನಾನು ಮುಂಚೆ ವಿಚಾರಿಸಿ ಹೇಳುತ್ತೇನೆ.

ಸಾಧನಕೇರಿ ಸಂಜೆ

ಬರುತ್ತೇವೆ ಕಾಕಾ. ಅತ್ತೆಗೆ ನೆಲದ ಮೇಲೆ ಕೂರೋಕೆ ಆಗೋದಿಲ್ಲ, ಖುರ್ಚಿ ಸಿಗುತ್ತದಾ?

ಗದಗಿನ ಪೇಟಿ

ಸಿಗುತ್ತದೆ. ಮೊದಲನೇ ಆಟಕ್ಕೇ ಬನ್ನಿ, ಆಮೇಲೆ ಗದ್ದಲ. ಸ್ವೆಟರ್ ತರೋದು ಮರೆಯಬೇಡಿ, ತಗಡಿನ ಕೆಳಗೆ ಥಂಡಿ ಜಾಸ್ತಿ.